ಗೃಹವಿಚಾರ: ಬಿಸಿನೀರಿನ ಮಾತ್ರೆಯೂ ಕಾಲವೂ

ಕಳೆದ ಪುಷ್ಯಮಾಸದಲ್ಲಿ ನಮ್ಮ ಮನೆಯ ವಿದ್ಯುತ್ತಿನ ಬಿಲ್ಲು ಏರಿತು. ನಾವು ವಿಚಾರಮಾಡದೆ, ಸೊಸೆಯು ಬಿಸಿನೀರನ್ನು ಮಿತಿಮೀರಿ ಬಳಸುತ್ತಾಳೆಂದು ಬಂಧುಗಳ ಎದುರಿನಲ್ಲಿಯೇ ಆಡಿಬಿಟ್ಟೆವು. ಆ ಮಗುವು ಮರುದಿನದಿಂದ ತಣ್ಣೀರಿನಲ್ಲಿ ಸ್ನಾನಮಾಡತೊಡಗಿತು. ನಮ್ಮ ಉಪ್ಪಾರಹಳ್ಳಿಯ ಮಾಗಿಯ ಚಳಿಯನ್ನು ಬಲ್ಲವರಿಗೆ ಇದರ ಕಷ್ಟವನ್ನು ವಿವರಿಸಬೇಕಾದುದಿಲ್ಲ.

ಒಂದು ರಾತ್ರಿ ನಿದ್ರೆ ಬಾರದೆ ಎದ್ದಾಗ, ಬಚ್ಚಲುಮನೆಯ ಹಳೆಯ ಗೀಸರಿನ ಕೆಂಪು ದೀಪವು ತಾನಾಗಿ ಹೊತ್ತಿ, ಸ್ವಲ್ಪಹೊತ್ತಿನ ಮೇಲೆ ತಾನಾಗಿ ಆರುವುದನ್ನು ಕಂಡೆವು. ಪ್ರಾತಃಸ್ನಾನಕ್ಕೆಂದು ಮಲಗುವ ಮುನ್ನ ಅದರ ಸ್ವಿಚ್ಚನ್ನು ಹಾಕಿದವರು ನಾವೇ. ಸ್ನಾನವಾದ ಬಳಿಕ ಆರಿಸಲು ಮರೆಯುತ್ತಿದ್ದವರೂ ನಾವೇ!

ಗೀಸರಿನೊಳಗಿನ ಥರ್ಮೋಸ್ಟಾಟೆಂಬ ಉಪಕರಣವು ಕಾವನ್ನು ಮಾತ್ರ ಬಲ್ಲುದು. ನೀರು ಗೊತ್ತಾದ ಕಾವಿಗೆ ಬಂದೊಡನೆ ವಿದ್ಯುತ್ತನ್ನು ತಡೆಯುವುದು. ಕಾವು ಇಳಿದೊಡನೆ ಮತ್ತೆ ಬಿಡುವುದು. ಮನೆಯವರು ಮಲಗಿರುವರೋ ಎದ್ದಿರುವರೋ ಅದಕ್ಕೆ ತಿಳಿಯದು. ಟೈಮರಾದರೋ ಹೊತ್ತನ್ನು ಬಲ್ಲುದು, ಕಾವನ್ನು ಅರಿಯದು. ಔಷಧಕ್ಕೆ ಮಾತ್ರೆಯೂ ಕಾಲವೂ ಬೇಕಾದಂತೆ ಬಿಸಿನೀರಿಗೂ ಇವೆರಡೂ ಬೇಕು. ಶೀತದೇಶಗಳಲ್ಲಿ ನೆಲಗಟ್ಟಿನ ಕೆಳಗೆ ವಿದ್ಯುತ್ತಂತಿಗಳನ್ನು ಹಾಸಿ ಮನೆಯನ್ನು ಬೆಚ್ಚಗಿಡುವವರೂ ಈ ಜೋಡಿಯನ್ನೇ ನಂಬಿರುವರು.

ಲೆಕ್ಕವು ಸುಲಭವಾಗಿದೆ. ೨೫ ಲೀಟರು ನೀರನ್ನು ೨೦ ಡಿಗ್ರಿ ಸೆಂಟಿಗ್ರೇಡಿನಿಂದ ೬೦ಕ್ಕೆ ಏರಿಸಲು ಸುಮಾರು ೧.೨ ಯೂನಿಟ್ಟು ಬೇಕು. ೨೦೦೦ ವಾಟಿನ ಗೀಸರಿಗೆ ಇದು ಸುಮಾರು ೩೫ ನಿಮಿಷದ ಕೆಲಸ. ಆದಕಾರಣ ೫ ಘಂಟೆಯ ಸ್ನಾನಕ್ಕೆ ೪-೨೦ಕ್ಕೆ ಹೊತ್ತಿ ೫ಕ್ಕೆ ಆರುವಂತೆ ಟೈಮರನ್ನು ಇಟ್ಟರೆ ಸಾಕು. ಇಡೀ ರಾತ್ರಿ ಕಾಯಿಸಿದರೆ, ನೀರಿನಿಂದ ಗಾಳಿಗೆ ಹೋದ ಕಾವಿಗೂ ನಾವೇ ಹಣ ತೆರಬೇಕು.

ಗೃಹಸ್ಥರು ಮೂರು ಸಂಗತಿಗಳನ್ನು ನೆನಪಿಡತಕ್ಕದ್ದು. ಟೈಮರು ೧೬ ಆಂಪಿಯರಿನದಾಗಿರಲಿ. ಅದನ್ನು ಬಲ್ಲ ಎಲೆಕ್ಟ್ರಿಷಿಯನ್ನನಿಂದಲೇ ಹಾಕಿಸಬೇಕು. ಕರೆಂಟು ಹೋದಾಗ ಬ್ಯಾಟರಿಯಿಲ್ಲದ ಟೈಮರಿನ ಗಡಿಯಾರವು ನಿಂತು ಹಿಂದೆ ಬೀಳುವುದರಿಂದ, ಅದನ್ನು ಆಗಾಗ ತಿದ್ದಿಡಬೇಕು. ೬೦ ಡಿಗ್ರಿಯ ನೀರು ಕೆಲವೇ ಕ್ಷಣಗಳಲ್ಲಿ ಚರ್ಮವನ್ನು ಸುಡಬಲ್ಲುದು. ಮಕ್ಕಳೂ ಮುದುಕರೂ ಇರುವ ಮನೆಯಲ್ಲಿ ಬಕೆಟ್ಟಿಗೆ ಮೊದಲು ತಣ್ಣೀರನ್ನು ಬಿಟ್ಟು ಆಮೇಲೆ ಬಿಸಿನೀರನ್ನು ಬೆರೆಸಬೇಕು.

ಟೈಮರು ಬಂದ ಮರುತಿಂಗಳು ಬಿಲ್ಲು ಇಳಿಯಿತು. ಯಾರೆದುರು ದೂರಿದ್ದೆವೋ ಆ ಬಂಧುಗಳನ್ನೇ ಕರೆದು, ತಪ್ಪು ನಮ್ಮದೆಂದು ಒಪ್ಪಿಕೊಂಡೆವು. ಸೊಸೆಯು ತಲೆತಗ್ಗಿಸಿ ನಿಂತಿದ್ದವಳು ಮೆಲ್ಲನೆ, “ಮಾವ, ನಾಳೆ ಮೊದಲ ನೀರು ನನಗೆ” ಎಂದಳು. ಹಾಗೆಯೇ ಆಯಿತು.