ಚೆಸ್ ಪರದೆಯ ಅಂಕಿ: ಮೊದಲು ನಾವು ಓದಲು ಕಲಿಯೋಣ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಕಡೆಯ ಶಾಲೆಗಳಿಗೆ ಬೋಧನಾಭ್ಯಾಸಕ್ಕೆ ಹೋಗುವ ಪ್ರಶಿಕ್ಷಣಾರ್ಥಿಗಳಲ್ಲಿ ನಾನೂ ಒಬ್ಬ. ನನ್ನ ಪಾಲಿಗೆ ಶನಿವಾರದ ಚೆಸ್ ಬಂತು. 'ಮೊಬೈಲಿನಾಗ ಎಲ್ಲಾ ಐತೆಲ್ಲ, ತೋರಸ್ರಿ' ಎಂದರು. ಎಲ್ಲಾ ಇದೆ, ನಿಜ. ಆದರೆ ಅದನ್ನು ಓದಲು ಬಾರದವನು ಮಕ್ಕಳ ಮುಂದೆ ತೆರೆಯಬಾರದು ಎಂಬುದು ನನ್ನ ಅಭಿಪ್ರಾಯ. ತಪ್ಪು ಮಾಡಿದ ಮೇಲೆ ಬಂದ ಅಭಿಪ್ರಾಯ ಇದು.

ಎಂಟನೆಯ ತರಗತಿಯ ಹುಡುಗಿಯೊಬ್ಬಳು ಕಪ್ಪು ಕಾಯಿಗಳಲ್ಲಿ ಆಡುತ್ತ, ಎದುರಾಳಿಯ ರಾಜನ ಮುಂದಿನ ಪ್ಯಾದಿಗಾಗಿ ಕುದುರೆಯನ್ನೇ ಕೊಟ್ಟಳು. ನಾನು ಆ ಆಟವನ್ನು ಲಿಚೆಸ್‌ನ ವಿಶ್ಲೇಷಣೆಗೆ ಹಾಕಿ ಪ್ರೊಜೆಕ್ಟರಿನಲ್ಲಿ ತೋರಿಸಿದೆ. ಪಕ್ಕದ ಪಟ್ಟಿಯಲ್ಲಿ ಬಿಳಿ ಏರಿತು, +1.8. ಮಕ್ಕಳೆಲ್ಲ ಹೋ ಎಂದರು. 'ನೋಡವ್ವಾ, ತಪ್ಪು ನಡೆ' ಎಂದೆ. 'ರಾಜಾ ಬಯಲಿಗೆ ಬರ್ತಾನ್ರೀ ಸರ್…' ಎಂದು ಅವಳು ಏನೋ ಹೇಳತೊಡಗಿದ್ದಳು. ನಾನು ಮುಂದಿನ ಆಟಕ್ಕೆ ಹೋಗಿಬಿಟ್ಟೆ. ಮರುವಾರ ಅವಳು ಬರಲಿಲ್ಲ.

ಆ ರಾತ್ರಿ ರೂಮಿನಲ್ಲಿ ಅದೇ ಸ್ಥಿತಿಯನ್ನು ತೆರೆದಿಟ್ಟು ಊಟ ಮಾಡಿ ಬಂದೆ. ಅಂಕಿ 0.0 ಆಗಿತ್ತು! ಕಾರಣ ಪಕ್ಕದಲ್ಲೇ ಸಣ್ಣ ಅಕ್ಷರದಲ್ಲಿತ್ತು: ಶಾಲೆಯಲ್ಲಿ ಆಳ 11, ರಾತ್ರಿ 25. ಆಳ ಎಂದರೆ ಎಂಜಿನ್ ಸುಮಾರು ಎಷ್ಟು ಅರ್ಧನಡೆ ಮುಂದೆ ನೋಡಿದೆ ಎಂಬ ಲೆಕ್ಕ. ಬಿಳಿಯದೊಂದು, ಕಪ್ಪಿನದೊಂದು ಸೇರಿದರೆ ಒಂದು ನಡೆ. ಕುದುರೆ ಕೊಟ್ಟದ್ದರ ಫಲ ಆ ಹನ್ನೊಂದರ ಆಚೆ ಇತ್ತು; ನಾನು ಎರಡು ಸೆಕೆಂಡೂ ಕಾಯಲಿಲ್ಲ.

ಅಂಕಿಯ ಅರ್ಥವೂ ನನಗೆ ಗೊತ್ತಿರಲಿಲ್ಲ. ಲಿಚೆಸ್‌ನಲ್ಲಿ ಕೂಡು ಚಿಹ್ನೆ ಯಾವಾಗಲೂ ಬಿಳಿಯ ಪರ, ಕಳೆ ಚಿಹ್ನೆ ಕಪ್ಪಿನ ಪರ. +1 ಎಂದರೆ ಒಂದು ಪ್ಯಾದಿಯಷ್ಟು ಮೇಲುಗೈ ಎಂಬುದು ಹಳೆಯ ಲೆಕ್ಕ. 2022ರಲ್ಲಿ ಬಂದ ಸ್ಟಾಕ್‌ಫಿಶ್ 15.1ರಿಂದ ಈಚೆಗೆ +1 ಎಂದರೆ ಎಂಜಿನ್ ತನ್ನೊಂದಿಗೇ ಆಡಿದರೆ ಗೆಲ್ಲುವ ಸಾಧ್ಯತೆ ಶೇ. 50. ಎಂಜಿನ್ ಆಡಿದರೆ! ಎಂಟನೆಯ ತರಗತಿಯ ಇಬ್ಬರು ಆಡಿದರೆ ಅಲ್ಲ. ಬಿಎಸ್ಸಿ ಓದಿದವನು ಏಕಮಾನ ಕೇಳದೆ ಅಂಕಿಯನ್ನು ಒಪ್ಪಿಕೊಂಡೆನಲ್ಲ, ಅದೇ ಹೆಚ್ಚು ನಾಚಿಕೆ.

ಅಂಕಿ ಸರಿಯಿದ್ದಾಗಲೂ ಅದು ಕಾರಣ ಹೇಳುವುದಿಲ್ಲ. 2024ರ ಡಿಸೆಂಬರ್ 12ರಂದು ಸಿಂಗಪುರದಲ್ಲಿ ಗುಕೇಶ್ ವಿರುದ್ಧದ 14ನೆಯ ಆಟದಲ್ಲಿ ಡಿಂಗ್ ಲಿರೆನ್ 55ನೆಯ ನಡೆಗೆ ಆನೆಯನ್ನು ಎಫ್2ಕ್ಕೆ ತಂದರು. ಸಮವಾಗಿದ್ದ ಪಟ್ಟಿ ಒಮ್ಮೆಲೇ ಕಪ್ಪಾಯಿತು. ಈ ಸಲ ನಾನು ಪಟ್ಟಿಯನ್ನು ಮುಚ್ಚಿ, ಮರದ ಹಲಗೆಯ ಮೇಲೆ ಆ ಸ್ಥಿತಿಯನ್ನು ಜೋಡಿಸಿಕೊಟ್ಟೆ. ಮಕ್ಕಳು ಆನೆಗೆ ಆನೆ ಹೊಡೆದರು, ಆಮೇಲೆ ಒಂಟೆಗೆ ಒಂಟೆ. ರಾಜರು, ಪ್ಯಾದಿಗಳು ಮಾತ್ರ ಉಳಿದಾಗ ಒಬ್ಬ ಹುಡುಗ 'ಕರಿಯಂದು ಒಂದು ಪ್ಯಾದಿ ಜಾಸ್ತಿ ಐತ್ರಿ, ಅದು ವಜೀರ ಆಗ್ತೈತಿ' ಎಂದ. ಅರ್ಧ ತಾಸು ಹಿಡಿಯಿತು. ಆಮೇಲೆ ಪಟ್ಟಿ ತೆರೆದೆವು.

ನಲವತ್ತು ನಿಮಿಷದ ಅವಧಿಯಲ್ಲಿ ಇದೆಲ್ಲ ಆಗದು ಎಂದು ಸಹಪಾಠಿಯೊಬ್ಬರ ವಾದ. ಹಾಗಾದರೆ ಐದು ಆಟ ಬೇಡ, ಒಂದೇ ನೋಡೋಣ. ನಮ್ಮ ಪಾಠ ವೀಕ್ಷಣಾ ಹಾಳೆಯಲ್ಲಿ ಬರೀ 6 ಎಂದು ಬರೆದು ಷರಾ ಖಾಲಿ ಬಿಟ್ಟರೆ ನಮಗೆ ಹೇಗಾಗುತ್ತದೆ ಎಂದು ಎಲ್ಲರಿಗೂ ಗೊತ್ತು. ಅಧ್ಯಾಪಕರಲ್ಲಿ ಒಂದು ಕೇಳಿಕೆ: ಐಸಿಟಿ ಪ್ರಾಯೋಗಿಕದಲ್ಲಿ ತಂತ್ರಾಂಶ ತೆರೆಯುವುದನ್ನು ಕಲಿಸುತ್ತೀರಿ, ಅದು ಕೊಡುವ ಅಂಕಿಯನ್ನು ಪ್ರಶ್ನಿಸುವುದಕ್ಕೂ ಒಂದು ಅವಧಿ ಕೊಡಿ.

ಆ ಹುಡುಗಿಯನ್ನು ಕರೆಸಿ, ಅವಳ ಆಟವನ್ನು ಎಲ್ಲರೆದುರು ಮತ್ತೆ ಹಾಕಿ, ಆಳ ಏರುವವರೆಗೆ ಕಾದೆ. 'ತಪ್ಪು ನಂದು' ಎಂದೆ. ಅವಳು ಪರದೆ ನೋಡಲೇ ಇಲ್ಲ. 'ನಾ ಅವತ್ತೇ ಹೇಳಾಕ ಹತ್ತಿದ್ನೆಲ್ರೀ ಸರ್' ಎಂದು ಹಲಗೆಯ ಮುಂದೆ ಕೂತಳು.