ನಿಗಾ ವ್ಯವಸ್ಥೆಗೆ ಬೇರೆ ದಾರಿ ಬೇಕು

ಕೆನಡಾದ ರೋಜರ್ಸ್ ದೂರಸಂಪರ್ಕ ಜಾಲ 2022ರ ಜುಲೈ 8ರಂದು ಕುಸಿದಾಗ 1.2 ಕೋಟಿಗೂ ಹೆಚ್ಚು ಗ್ರಾಹಕರು ತೊಂದರೆಗೊಳಗಾದರು. ಅನೇಕರಿಗೆ 911 ತುರ್ತು ಕರೆಯೂ ಸಿಗಲಿಲ್ಲ. ನವೀಕರಣದ ವೇಳೆ ರೂಟರ್‌ಗಳಲ್ಲಿದ್ದ ಒಂದು ಫಿಲ್ಟರ್ ತೆಗೆದದ್ದೇ ಮೂಲ ಕಾರಣ. ದುರಸ್ತಿ ತಡವಾದುದರ ಕಾರಣ ಇನ್ನೂ ಗಂಭೀರ: ಜಾಲದ ಮೇಲೆ ನಿಗಾ ಇಡುವ ವ್ಯವಸ್ಥೆಯೂ ಅದೇ ಜಾಲವನ್ನು ನೆಚ್ಚಿಕೊಂಡಿತ್ತು. ಮೇಲೆತ್ತಬೇಕಾದ ಹಗ್ಗವೂ ಬಿದ್ದವನ ಜೊತೆಗೇ ಬಾವಿ ಸೇರಿದಂತೆ. ಎಂಜಿನಿಯರ್‌ಗಳಿಗೆ ದೋಷ ಎಲ್ಲಿದೆಯೆಂದು ನೋಡುವುದೇ ಕಷ್ಟವಾಯಿತು.

ನಮ್ಮ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2024ರ ನಿಯಮಗಳಲ್ಲಿ, ಜಿಲ್ಲಾ ಮಟ್ಟದಲ್ಲಿ 24 ಗಂಟೆ ಮೀರಿದ ಸೇವಾ ಸ್ಥಗಿತಕ್ಕೆ ಗ್ರಾಹಕರಿಗೆ ಪರಿಹಾರ ಕೊಡಬೇಕೆಂದು ಹೇಳಿದೆ. ಸ್ವಾಗತಾರ್ಹ. ಆದರೆ ಆಂಬುಲೆನ್ಸ್‌ಗೆ ಕರೆ ಹೋಗದ ಮನೆಗೆ ಆ ಪರಿಹಾರ ಯಾತಕ್ಕೆ? ನಿಗಾ ಇಡುವ ನಿರ್ವಹಣಾ ಜಾಲ ಮೂಲ ಜಾಲದಿಂದ ನಿಜಕ್ಕೂ ಪ್ರತ್ಯೇಕವಾಗಿದೆಯೆಂದು ಕಂಪನಿಗಳು ಪ್ರತಿವರ್ಷ ಪರೀಕ್ಷಿಸಿ ತೋರಿಸುವಂತೆ ಪ್ರಾಧಿಕಾರ ಕಡ್ಡಾಯ ಮಾಡಬೇಕು.