ಕಾಲು ಚಾಚಲು ಜಾಗ

ಮುಂಬಯಿಯಲ್ಲಿ ಮುಟ್ಟದ ಸಾಮಾನಿಗೂ ನಾವು ಬಾಡಿಗೆ ಕಟ್ಟುತ್ತೇವೆ. ಕೈಗೆತ್ತಿಕೊಂಡಾಗ ಖುಷಿ ಕೊಡುವುದನ್ನಷ್ಟೇ ಇಟ್ಟುಕೊಳ್ಳಿ ಅನ್ನುತ್ತಾರೆ ಜಪಾನಿನ ಮೇರಿ ಕೊಂಡೋ. ಲೆಕ್ಕಪತ್ರದ ಕೆಲಸ ಬಿಟ್ಟು 42ರಲ್ಲಿ ಎಲ್‌ಎಲ್‌ಬಿಗೆ ಸೇರಿದ ನನಗೆ ಈ ಅಳತೆ ಸಾಲದು. ಕರಾರು ಕಾಯ್ದೆಯ ಪುಸ್ತಕ ಖುಷಿಗಿಂತ ನಿದ್ದೆ ಕೊಡುವುದೇ ಹೆಚ್ಚು, ಆದರೂ ಬೇಕು. ಹಾಗಾಗಿ ನನ್ನ ಪ್ರಶ್ನೆ ಬೇರೆ: ಸಂಬಳವಿಲ್ಲದ ಈ 3 ವರ್ಷಕ್ಕೆ ಇದು ಬೇಕೆ? ಬಳಸದ ಡಿನ್ನರ್ ಸೆಟ್, ವ್ಯಾಯಾಮದ ಸೈಕಲ್, ಸೋಫಾ ಹೋದವು. ಆ ಮೂಲೆಗೆ ಓದುವ ಮೇಜು ಬಂತು. ಮಾರಿದ ದುಡ್ಡು ಶುಲ್ಕಕ್ಕೆ ಸೇರಿತು. ಅಮ್ಮ ಕೊಟ್ಟ ಕಡಗೋಲನ್ನು ಮಾತ್ರ ಯಾವ ಪ್ರಶ್ನೆಯನ್ನೂ ಕೇಳದೆ ಉಳಿಸಿಕೊಂಡೆ.

ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರಲ್ಲ ಮಾರಾಯ್ರೆ, ಹಾಸಿಗೆಯ ಮೇಲೆ ಪೇರಿಸಿಟ್ಟ ಸಾಮಾನನ್ನು ಮೊದಲು ಇಳಿಸಿ ನೋಡಿ. ಹಾಸಿಗೆ ನಾವಂದುಕೊಂಡಷ್ಟು ಚಿಕ್ಕದೇನಲ್ಲ.